ಮುನಿತಾಯಮ್ಮನ ಕರಟ

ಕೋಳಿ ಕೂಗುವ ಮೊದಲೇ ಎದ್ದು, ಒಲೆಯ ಬೂದಿ ತೆಗೆದು, ಆ ಬೂದಿಯಲ್ಲೇ ರಾತ್ರಿಯ ಪಾತ್ರೆ ತಿಕ್ಕಿ, ಕೊಟ್ಟಿಗೆಯ ಸಗಣಿ ಬಾಚಿ, ಎಮ್ಮೆಗೆ ಹುಲ್ಲು ಹಾಕಿ, ಬಾಗಿಲಿಗೆ ನೀರು ಚಿಮುಕಿಸಿ, ಎರಡು ಎಳೆ ರಂಗೋಲಿ ಬಿಟ್ಟು, ಬಾವಿಯಿಂದ ಎಂಟು ಬಿಂದಿಗೆ ನೀರು ಸೇದಿ ಹಂಡೆ ತುಂಬಿಸಿ, ಹಂಡೆಯ ಕೆಳಗೆ ಬೆರಣಿ ಒಟ್ಟಿ ಉರಿ ಮಾಡಿ, ಎಮ್ಮೆ ಕರೆದು, ಹಾಲು ಕಾಸಿ, ಅತ್ತೆಯ ಮಂಡಿಗೆ ಬಿಸಿ ಎಣ್ಣೆ ನೀವಿ, ಎಸರಿಟ್ಟು, ಹಿಟ್ಟು ಹಾಕಿ, ಮುದ್ದೆ ತಿರುವಿ, ಸೊಪ್ಪಿನ ಸಾರಿಗೆ ಒಗ್ಗರಣೆ ಕೊಟ್ಟು, ಗಂಡನ ಬುತ್ತಿ ಕಟ್ಟಿ, ತಾನು ಒಲೆಯ ಮುಂದೆ ನಿಂತುಕೊಂಡೇ ನಾಲ್ಕು ತುತ್ತು ನುಂಗಿ ಕೈ ತೊಳೆಯುವ ಹೊತ್ತಿಗೂ ಕುರುಬರಹಳ್ಳಿಯ ಆಕಾಶ ಬೆಳ್ಳಗಾಗಿರುತ್ತಿರಲಿಲ್ಲ.

ಆಮೇಲೆ ಮುನಿತಾಯಮ್ಮ ಕೆಲಸಕ್ಕೆ ಹೊರಡುತ್ತಿದ್ದಳು.

ಅವಳ ಗಂಡ ಕೃಷ್ಣಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಿದ್ದ. "ನಾನು ಆರು ಗಂಟೆಗೆಲ್ಲ ಎದ್ದುಬಿಡ್ತೀನಪ್ಪ, ಬಿಸಿಲು ಬರೋವರೆಗೂ ಬಿದ್ಕೊಂಡಿರೋ ಆಸಾಮಿ ಅಲ್ಲ" ಎಂದು ಜೊತೆಯವರ ಮುಂದೆ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಆರಕ್ಕೆ ಅವನು ಏಳುವಷ್ಟರಲ್ಲಿ ಅವನ ಮನೆಯ ಹಂಡೆಯಲ್ಲಿ ನೀರು ತಾನಾಗಿಯೇ ಕಾದಿರುತ್ತಿತ್ತು, ಬುತ್ತಿ ತಾನಾಗಿಯೇ ಕಟ್ಟಿಕೊಂಡು ಕೂತಿರುತ್ತಿತ್ತು.

ಇದು ಐವತ್ತೆಂಟನೆಯ ಇಸವಿಯ ಮಾತು. ಕೃಷ್ಣಪ್ಪನ ಮನೆಯವರ ರಾಗಿ ಹೊಲ ಬಡಾವಣೆಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಸುಗ್ಗಿಯಲ್ಲಿ ಕಣ ಮಾಡುತ್ತಿದ್ದ ಜಾಗದಲ್ಲಿ ಈಗ ಯಾರೋ ಇಂಜಿನಿಯರ ಮನೆಯ ಗುಲಾಬಿ ಕುಂಡಗಳಿದ್ದವು. ಮುನಿತಾಯಮ್ಮ ದಿನಾ ಆ ಕುಂಡಗಳ ಪಕ್ಕದಲ್ಲೇ ಹಾದು, ಇನ್ನೂ ಡಾಂಬರು ಕಾಣದ ನೇರ ರಸ್ತೆಗಳಲ್ಲಿ ಕಾಲು ಮೈಲಿ ನಡೆದು ಸೊಸೈಟಿ ಡಿಪೋ ಸೇರುತ್ತಿದ್ದಳು. ಮನೆ ಕಟ್ಟುವವರು ರಸ್ತೆಯ ಎರಡೂ ಬದಿಗೆ ಸುರಿದ ಜಲ್ಲಿ ರಾಶಿಗಳನ್ನು ಕತ್ತಲಲ್ಲಿ ಎಡವದೆ ದಾಟುವುದು ಅವಳಿಗೆ ರೂಢಿಯಾಗಿತ್ತು.

ಡಿಪೋ ಎಂದರೆ ಗ್ರಾಹಕರ ಸಹಕಾರ ಸಂಘದ ಅಂಗಡಿ. ಸಂಘಕ್ಕೆ ಬೋರ್ಡಿನ ತುಂಬ ಹಿಡಿಸುವಷ್ಟು ಉದ್ದನೆಯ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಹಳೇ ಸೊಸೈಟಿ ಎಂದು. ಮಾಗಡಿ ರಸ್ತೆಯ ಕಡೆ ಒಂದು, ಮಾರೇನಹಳ್ಳಿಯಲ್ಲಿ ಒಂದು, ಇಲ್ಲಿ ಒಂದು, ಹೀಗೆ ಮೂರು ಡಿಪೋಗಳು. ಇಲ್ಲಿಯ ಡಿಪೋಗೆ ಮುಂದೆ ಕಲ್ಲಿನ ಜಗಲಿ, ಒಳಗೆ ಬಣ್ಣ ಹಚ್ಚಿದ ಕೌಂಟರು, ತಕ್ಕಡಿ, ಸಾಲಾಗಿ ಬಾಯಿ ತೆರೆದು ಕೂತ ಮೂಟೆಗಳು. ಹಿಂದೆ ಒಂದು ತಗಡಿನ ಶೆಡ್ಡು. ಶೆಡ್ಡಿನ ಬೀಗದಕೈ ಮುನಿತಾಯಮ್ಮನ ಸೊಂಟದಲ್ಲಿರುತ್ತಿತ್ತು. ಮೂಟೆಗಳು ಹಿಂದಿನಿಂದ ಒಳಬಂದು, ಅವಳ ಮೊರದ ಮೇಲೆ ಹಾದು, ಹಸನಾಗಿ ಮುಂದಕ್ಕೆ ಹೋಗುತ್ತಿದ್ದವು. ಮುನಿತಾಯಮ್ಮ ಮಾತ್ರ ಮುಂದಕ್ಕೆ ಹೋಗುವಂತಿರಲಿಲ್ಲ.

ಒಮ್ಮೆ ಮೋಡ ಕವಿದ ದಿನ ಶೆಡ್ಡಿನಲ್ಲಿ ಕಣ್ಣು ಕಾಣದೆ ಮೊರ ತಂದು ಜಗಲಿಯ ಮೇಲೆ ಕೂತಿದ್ದಳು. ಸಂಘದ ಸೆಕ್ರೆಟರಿ ನಂಜುಂಡಪ್ಪ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ್ದರು: "ಏಳಮ್ಮ, ಏಳು! ಇದು ಡಿಪೋ, ಸಂತೆಯಲ್ಲ. ದೊಡ್ಡ ಮನುಷ್ಯರ ಮನೆಯವರು ಬರೋ ಜಾಗದಲ್ಲಿ ಹೊಟ್ಟು ಹಾರಿಸ್ಕೊಂಡು ಕೂತಿದೀಯಲ್ಲ!"

ಆ ದೊಡ್ಡ ಮನುಷ್ಯರ ಮನೆಯವರು ಈ ಡಿಪೋಗೆ ಬರಲು ಶುರುಮಾಡಿದ್ದೇ ಅವಳ ಮೊರದಿಂದ. ಅದು ಹೀಗೆ.

ರೇಷನ್ ಇರುವ ತನಕ ಅಕ್ಕಿಯಲ್ಲಿ ಕಲ್ಲಿದೆ ಎಂದು ಯಾರೂ ದೂರುತ್ತಿರಲಿಲ್ಲ, ಸಿಕ್ಕಿದ್ದೇ ಪುಣ್ಯ. ರೇಷನ್ ತೆಗೆದ ವರ್ಷ ಲಕ್ಷ್ಮಿದೇವಮ್ಮ ಎಂಬ ಗುಮಾಸ್ತರ ಹೆಂಡತಿ ಒಂದು ಚೀಲ ಅಕ್ಕಿ ವಾಪಸು ತಂದು ಕೌಂಟರಿನ ಮೇಲೆ ಕುಕ್ಕಿದರು.

"ನಮ್ಮನೆಯವರ ಹಲ್ಲು ಮುರೀತು ಕಣ್ರೀ. ಮುರಿದಿದ್ದು ನಿಮ್ಮ ಕಲ್ಲಿಂದ, ಬೈಸಿಕೊಂಡಿದ್ದು ನಾನು. ನಿಂಗೆ ಅಕ್ಕಿ ಆರಿಸೋಕೂ ಬರಲ್ವಾ ಅಂತ. ಬೆಳಗ್ಗೆಯಿಂದ ಮೂರು ಮಕ್ಕಳನ್ನ ಸ್ಕೂಲಿಗೆ ಕಳಿಸಿ, ಮಡಿ ಬಟ್ಟೆ ಒಗೆದು, ಅಡುಗೆ ಮಾಡಿ, ಇನ್ನು ಅಕ್ಕಿ ಮುಂದೆ ಒಂದು ಗಂಟೆ ಎಲ್ಲಿಂದ ತರಲಿ?"

ನಂಜುಂಡಪ್ಪ ಮೇಲೆ ಕೆಳಗೆ ನೋಡಿದರು. ಸೀಮೆಎಣ್ಣೆಗೆಂದು ಸಾಲಿನಲ್ಲಿ ನಿಂತಿದ್ದ ಮುನಿತಾಯಮ್ಮ ಹೇಳಿದಳು: "ಒಂದು ಮೊರ ಕೊಡಿಸಿ ಸ್ವಾಮಿ. ಮೂಟೆ ಪೂರಾ ಹಸನು ಮಾಡಿಕೊಡ್ತೀನಿ. ಆಮೇಲೆ ಹಲ್ಲು ಮುರಿದ್ರೆ ನಾನು ಕಟ್ಟಿಸ್ಕೊಡ್ತೀನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಮೂಟೆ ಹಸನಾಗಿತ್ತು. "ಹಸನು ಮಾಡಿದ್ದು ಅಂತ ಜನ ನಂಬಬೇಕಲ್ಲಮ್ಮ?" ಎಂದು ನಂಜುಂಡಪ್ಪ ಅನುಮಾನಿಸಿದಾಗ ಅವಳು ಆರಿಸಿದ ಕಲ್ಲು, ನೆಲ್ಲು, ಕಡ್ಡಿಯನ್ನೆಲ್ಲ ಒಂದು ತೆಂಗಿನ ಕರಟಕ್ಕೆ ತುಂಬಿ ಮೂಟೆಯ ಅಕ್ಕಿಯ ಮೇಲೆ ಇಟ್ಟಳು.

ಅದು ಅವಳ ಅತ್ತೆಯ ಮನೆಯ ಪದ್ಧತಿ. ಹೊಸದಾಗಿ ಬಂದ ಸೊಸೆ ಹಿತ್ತಲಲ್ಲಿ ಕೂತು ಕಾಳು ಹಸನು ಮಾಡಿದರೆ, ಆರಿಸಿದ ಕಲ್ಲನ್ನು ಕರಟದಲ್ಲಿ ಹಾಕಿ ಜಗಲಿಯ ಮೇಲೆ ಕೂತ ಅತ್ತೆಗೆ ತಂದು ತೋರಿಸಬೇಕು. ಸೊಸೆ ಹಿತ್ತಲಲ್ಲಿ ಸುಮ್ಮನೆ ಕೂತು ಹೊತ್ತು ಕಳೆಯಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಮದುವೆಯಾಗಿ ಬಂದ ವರ್ಷ, ಹದಿನೈದರ ಮುನಿತಾಯಮ್ಮ ಕರಟ ತುಂಬಲಿಲ್ಲವೆಂದು ಹೆದರಿ ಎಷ್ಟೋ ಸಲ ಹಿತ್ತಲಿನ ಕಲ್ಲು ಹೆಕ್ಕಿ ಹಾಕಿದ್ದುಂಟು. ಅತ್ತೆ ಬೋರಮ್ಮ ಇಣುಕಿ ನೋಡಿ, "ಹ್ಞೂಂ" ಎನ್ನುತ್ತಿದ್ದಳು, ಅಷ್ಟೆ.

ಹಳೇ ಸೊಸೈಟಿಯ ಅಕ್ಕಿ ತೊಳೆದು ಒಲೆಗಿಟ್ಟರಾಯಿತು ಎಂಬ ಮಾತು ರಾಜಾಜಿನಗರದ ಬಚ್ಚಲು, ಬಾವಿಕಟ್ಟೆಗಳಲ್ಲಿ ಹಬ್ಬಿತು. ಒಂದೊಂದು ಮನೆಯಲ್ಲೂ ಹೆಂಗಸಿಗೆ ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು. ನಾಲ್ಕು ವರ್ಷದಲ್ಲಿ ಸದಸ್ಯರು ಮೂರು ಪಟ್ಟಾದರು. ಮಹಾಸಭೆಯಲ್ಲಿ ಅಧ್ಯಕ್ಷರು ಇದನ್ನು ಆಡಳಿತದ ದಕ್ಷತೆ ಎಂದರು. ನೂರಾರು ಮನೆಗಳ ಮುಕ್ಕಾಲು ಗಂಟೆಗಳೆಲ್ಲ ಬಂದು ಕೂಡಿದ್ದ ಬೆನ್ನು ಆ ಹೊತ್ತಿನಲ್ಲಿ ಶೆಡ್ಡಿನ ಗೋಡೆಗೆ ಒರಗಿ ಸ್ವಲ್ಪ ನೆಟ್ಟಗಾಗುತ್ತಿತ್ತು.

ಮುನಿತಾಯಮ್ಮನಿಗೆ ಅದರ ಬಗ್ಗೆ ಅಂಥ ದುಃಖವೇನೂ ಇರಲಿಲ್ಲ. ತನ್ನ ಕೈಯ ಬೆಲೆ ಅವಳಿಗೆ ಗೊತ್ತಿತ್ತು. ಮೊರವನ್ನು ಮೂರು ಸಲ ಕೇರಿ, ಒಂದು ಸಲ ಓರೆಮಾಡಿ ತಟ್ಟಿದರೆ ಕಲ್ಲು ತಾನಾಗಿ ಒಂದು ಮೂಲೆಗೆ ಬಂದು ಕೂರುವ ಹಾಗೆ ಮಾಡಬಲ್ಲ ಕೈ ಈ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಚಿಂತೆಯಿದ್ದದ್ದು ಕಣ್ಣಿನದು. ನಲವತ್ತೊಂದಾಗಿತ್ತು. ಎರಡು ವರ್ಷದಿಂದ ಹತ್ತಿರದ್ದು ಮಸುಕಾಗುತ್ತಾ ಬಂದಿತ್ತು. ಮೊರವನ್ನು ತೋಳುದ್ದ ದೂರ ಹಿಡಿದರೆ ಸರಿ ಕಾಣುತ್ತಿತ್ತು; ತೋಳು ಇನ್ನೆಷ್ಟು ಉದ್ದವಾದೀತು? ಕಣ್ಣು ಹೋದ ಮೇಲೆ ಶೆಡ್ಡಿನಲ್ಲಿ ಅವಳಿಗೆ ಜಾಗವಿರುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಹಾಗಾಗಿ, ಎರಡನೇ ಬ್ಲಾಕಿನಲ್ಲಿ ಸಂಘ ನಾಲ್ಕನೆಯ ಡಿಪೋ ತೆರೆಯುವ ಸುದ್ದಿ ಹೇಳಿ ನಂಜುಂಡಪ್ಪ, "ಅಲ್ಲಿ ಕೌಂಟರಿಗೆ ಒಬ್ಬ ಹೆಂಗಸನ್ನೇ ನಿಲ್ಲಿಸೋಣ ಅಂತಿದೆ ಕಮಿಟಿ. ಕೊಳ್ಳೋಕೆ ಬರೋರೆಲ್ಲ ಹೆಂಗಸರೇ ತಾನೆ? ನಿನ್ನ ಹೆಸರು ಹೇಳಿದೀನಿ" ಎಂದಾಗ ಮುನಿತಾಯಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ತಕ್ಕಡಿಯ ಮುಳ್ಳು ತೋಳುದ್ದ ದೂರದಲ್ಲೇ ಇರುತ್ತದೆ. ಅದು ಅವಳಿಗೆ ಚೆನ್ನಾಗಿ ಕಾಣುತ್ತದೆ. ಕೂಲಿಯಲ್ಲ, ತಿಂಗಳ ಸಂಬಳ. ತಾನು ಹಸನು ಮಾಡಬಲ್ಲ ಅಕ್ಕಿಯನ್ನು ತನ್ನ ಕೈಯಿಂದಲೇ ಅಳೆದು ಕೊಡಬಹುದು.

"ನಾನು ಓದಿದೋಳಲ್ಲ ಸ್ವಾಮಿ."

"ಅಂಕಿ ಬರುತ್ತಲ್ಲ? ಅಷ್ಟು ಸಾಕು. ಈ ಶನಿವಾರ ಬೆಳಗ್ಗೆ ಎಂಟಕ್ಕೆ ಕಮಿಟಿಯೋರು ಡಿಪೋ ನೋಡೋಕೆ ಬರ್ತಾರೆ. ನೋಡಿ ತೀರ್ಮಾನ ಮಾಡ್ತಾರೆ. ಆದ್ರೆ ಒಂದು ತೊಡಕಿದೆ."

ತೊಡಕಿನ ಹೆಸರು ಹೊಸ ಸೊಸೈಟಿ.

ಅದೂ ಸಹಕಾರ ಸಂಘವೇ. ಅವರ ಬೋರ್ಡಿನ ಮೇಲೂ ಎರಡು ಕೈ ಕುಲುಕುವ ಚಿತ್ರವೇ. ಆದರೆ ಆ ವರ್ಷ ಅವರು ಹಳೇ ಸೊಸೈಟಿಯ ಡಿಪೋ ಇರುವಲ್ಲೆಲ್ಲ ಎದುರಿಗೆ ಒಂದು, ತಿರುವಿನಲ್ಲಿ ಒಂದು ಅಂತ ಡಿಪೋ ತೆರೆಯುತ್ತಾ ಬಂದಿದ್ದರು. ಟ್ಯೂಬ್‌ಲೈಟು ಹಾಕಿಸಿದರು. ಯುಗಾದಿಗೆ ಲಕ್ಷ್ಮಿಯ ಕ್ಯಾಲೆಂಡರ್ ಹಂಚಿದರು. ಹಳೇ ಸೊಸೈಟಿ ಸರಸ್ವತಿಯದು ಹಂಚಿತು. ಕೊನೆಗೆ ಹೊಸ ಸೊಸೈಟಿಯವರೂ ಅಕ್ಕಿ ಹಸನು ಮಾಡಿಸಿ, ಮೂಟೆಯ ಮೇಲೆ ಕರಟ ಇಡಲು ಶುರುಮಾಡಿದರು. ಅವರ ಕರಟ ತುಂಬಿ ತುಳುಕುತ್ತಿತ್ತು. ಅದನ್ನು ನೋಡಿ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ತಿರುಗುತ್ತಿದ್ದರು.

"ನಿಮ್ಮ ಕರಟ ಯಾಕೋ ಬಡವಾಯ್ತಲ್ಲ ಮುನಿತಾಯಮ್ಮ" ಎಂದರು ಲಕ್ಷ್ಮಿದೇವಮ್ಮ, ಒಂದು ಮಧ್ಯಾಹ್ನ ಶೆಡ್ಡಿನ ಕಡೆ ಬಂದು. ಈ ಡಿಪೋದಲ್ಲಿ ಹಿಂದಿನ ಬಾಗಿಲವರೆಗೆ ಬಂದು ಮಾತಾಡಿಸುತ್ತಿದ್ದವರು ಅವರೊಬ್ಬರೇ. "ತಳ ಕಾಣ್ತಾ ಇದೆ. ಅವರದ್ದು ನೋಡಿದ್ರೆ ಗೋಪುರ. ಅಷ್ಟು ಕಲ್ಲು ತೆಗೀತಾರಂತೆ."

"ಈ ಸಲದ ಮಾಲೇ ಚೊಕ್ಕವಾಗಿದೆ ಅಮ್ಮಾವ್ರೇ. ಇಡೀ ಮೂಟೆಗೆ ಹನ್ನೊಂದು ಕಲ್ಲು ಸಿಕ್ತು. ಇಲ್ಲದ ಕಲ್ಲು ಎಲ್ಲಿಂದ ತೆಗೀಲಿ?"

"ನೀನು ಹೇಳಿದ್ರೆ ನಾನು ನಂಬ್ತೀನಮ್ಮ. ಆದ್ರೆ ನಮ್ಮ ಬೀದಿಯೋರು ನಿನ್ನ ಮುಖ ನೋಡಿಲ್ಲ, ಕರಟ ನೋಡಿರೋದು."

ಆ ಮಾತು ಮುಳ್ಳಿನಂತೆ ಕೂತಿತು. ಬುಧವಾರ ಕೆಲಸ ಬಿಟ್ಟ ಮೇಲೆ ಮುನಿತಾಯಮ್ಮ ಕಾಲು ಸೇರು ಬೆಲ್ಲದ ನೆಪ ಮಾಡಿಕೊಂಡು ತಿರುವಿನ ಹೊಸ ಸೊಸೈಟಿಗೆ ಹೋದಳು. ಟ್ಯೂಬ್‌ಲೈಟಿನ ಕೆಳಗೆ ಕರಟ ದೇವರ ಮುಂದಿನ ಪ್ರಸಾದದ ಹಾಗೆ ಹೊಳೆಯುತ್ತಿತ್ತು. ಅವಳು ಎರಡು ಬೆರಳಿಂದ ಒಂದು ಕಲ್ಲೆತ್ತಿದಳು. ಎತ್ತಿದ್ದೇ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದಳು.

ನೀಲಿ ಬೂದು ಬಣ್ಣ, ಚೂಪು ಅಂಚು. ಜಲ್ಲಿ! ಅಕ್ಕಿಯಲ್ಲಿ ಸಿಗುವ ಕಲ್ಲು ಅಕ್ಕಿಯ ಹಾಗೇ ಇರುತ್ತದೆ: ಬಿಳಿ, ನುಣುಪು, ಅದೇ ಗಾತ್ರ. ಇಷ್ಟು ದಪ್ಪದ್ದು ಜರಡಿಯಲ್ಲೇ ನಿಂತುಹೋಗುತ್ತದೆ, ಮೊರದ ತನಕ ಬರುವುದೇ ಇಲ್ಲ. ಇದನ್ನು ಹಾಕಿದವನು ಹುಟ್ಟಿದ ಮೇಲೆ ಒಂದು ದಿನವೂ ಮೊರ ಹಿಡಿದವನಲ್ಲ. ಹತ್ತಿರ ನೋಡಿದ್ದರೆ ಯಾವ ಹೆಂಗಸಿಗೂ ತಿಳಿಯುತ್ತಿತ್ತು. ಆದರೆ ಕಲ್ಲು ನೋಡುವ ಕೆಲಸ ತಪ್ಪಲಿ ಎಂದೇ ಹೆಂಗಸರು ಡಿಪೋಗೆ ಬರುತ್ತಿದ್ದದ್ದು. ದೂರದಿಂದಲೇ ಕರಟ ತುಂಬಿರುವುದನ್ನು ನೋಡಿ ಸಮಾಧಾನಪಟ್ಟು ಹೋಗುತ್ತಿದ್ದರು. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಹಿತ್ತಲಿನ ಕಲ್ಲು ಹೆಕ್ಕಿದ್ದ ಕೈ ಈ ಕಲ್ಲಿನ ಗುರುತು ಹಿಡಿಯಿತು.

ಅವಳು ಸುತ್ತಿಕೊಂಡು ಹಿಂಬದಿಗೆ ಹೋದಳು. ಅಲ್ಲೂ ಒಂದು ತಗಡಿನ ಶೆಡ್ಡಿತ್ತು. ಅಲ್ಲೂ ಒಬ್ಬ ಹೆಂಗಸಿದ್ದಳು: ಅಂಜಮ್ಮ, ಮೂವತ್ತರ ಆಸುಪಾಸು, ಕೆಮ್ಮುತ್ತಾ ಜರಡಿ ಆಡಿಸುತ್ತಿದ್ದಳು. ಮುನಿತಾಯಮ್ಮ ಹಸನಾದ ರಾಶಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಅಂಗೈ ಮೇಲೆ ಹರಡಿ ದೂರ ಹಿಡಿದು ನೋಡಿದಳು. ಒಂದು ಕಲ್ಲಿರಲಿಲ್ಲ, ಒಂದು ನೆಲ್ಲಿರಲಿಲ್ಲ.

"ಚೆನ್ನಾಗಿ ಮಾಡಿದೀಯ ಕಣವ್ವ."

"ನೀವು ಹಳೇ ಸೊಸೈಟಿ ಅಕ್ಕ ಅಲ್ವಾ?" ಅಂಜಮ್ಮ ಎದ್ದು ನಿಂತಳು. "ನೋಡಿದ್ರಾ ಮುಂದಿನ ಕರಟಾನ?"

"ನೋಡ್ದೆ. ಯಾರ ಮನೆ ತಳಪಾಯದ್ದು?"

ಅಂಜಮ್ಮನಿಗೂ ನಗು ತಡೆಯಲಾಗಲಿಲ್ಲ. "ನಮ್ ಸೆಕ್ರೆಟರಿ ದಿನಾ ಬರ್ತಾ ಒಂದು ಹಿಡಿ ಜೇಬಿಗೆ ಹಾಕ್ಕೊಂಡು ಬರ್ತಾರಕ್ಕ. ನಾನು ಆರಿಸಿದ್ದನ್ನ ಬಿಸಾಕಿಬಿಡ್ತಾರೆ. ಕಣ್ಣಿಗೆ ಕಾಣಲ್ವಂತೆ ಅದು, ಅಕ್ಕಿ ಥರಾನೇ ಇದೆಯಂತೆ!" ನಗು ನಿಂತ ಮೇಲೆ ಅವಳ ದನಿ ಬದಲಾಯಿತು. "ಅಕ್ಕ, ನೀವು ಇದನ್ನ ಎಲ್ಲೂ ಆಡಬೇಡಿ. ಆಡಿದ್ರೆ ಅವರು ಮೊದಲು ನನ್ನೇ ಓಡಿಸ್ತಾರೆ. ಇವಳೇ ಹಾಕಿದ್ದು ಅಂತಾರೆ. ಹಿಂದೆ ಏನು ನಡೆದ್ರೂ ಹಿಂದಿರೋಳ ತಲೆಗೇ ತಾನೆ."

"ನಿನ್ನ ಅಕ್ಕಿಗೆ ನಾನು ಸಾಕ್ಷಿ ಕಣವ್ವ. ಹೆದರಬೇಡ" ಎಂದು ಮುನಿತಾಯಮ್ಮ ಬೆಲ್ಲದಲ್ಲಿ ಅರ್ಧ ಮುರಿದು ಅವಳ ಕೈಗಿಟ್ಟು ಬಂದಳು.

ಶುಕ್ರವಾರ ಸಂಜೆ ನಂಜುಂಡಪ್ಪ ಶೆಡ್ಡಿಗೆ ಬಂದರು. ಕೈಯಲ್ಲಿ ಪೇಪರಿನ ಪೊಟ್ಟಣ.

"ಅವರ ಡಿಪೋಗೆ ಹೋಗಿದ್ದೆಯಂತೆ? ಏನು ನೋಡ್ದೆ?"

"ಅವರ ಅಕ್ಕಿ ಹಸನಾಗಿದೆ ಸ್ವಾಮಿ. ನಮ್ಮಷ್ಟೇ."

"ಅಷ್ಟೇನಾ?" ಅವಳು ಜರಡಿ ಕೊಡವಿ ಗೋಡೆಗೆ ಒರಗಿಸಿದಳು. "ಸರಿ. ಇದನ್ನ ತಗೋ. ಬೆಳಗ್ಗೆ ಕಮಿಟಿಯೋರು ಬರೋ ಮೊದಲು ಕರಟಕ್ಕೆ ಹಾಕಿಡು."

ಅವಳು ಪೊಟ್ಟಣ ಬಿಚ್ಚಿದಳು. ಸಣ್ಣ ಜಲ್ಲಿ.

"ನಮಗೂ ಬಂತಾ ಸ್ವಾಮಿ ಇದು?"

"ನೋಡಮ್ಮ, ಅಕ್ಕಿ ಹಸನಾಗೇ ಇದೆ. ಸುಳ್ಳೇನು ಬಂತು? ಇರೋ ನಿಜಕ್ಕೆ ಒಂದು ಒಳ್ಳೆ ಬಟ್ಟೆ ಉಡಿಸ್ತಾ ಇದೀವಿ."

"ಕಲ್ಲು ಹಾಕೋದಕ್ಕೆ ಬಟ್ಟೆ ಉಡಿಸೋದು ಅಂತಾರಾ? ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ."

ನಂಜುಂಡಪ್ಪ ಕೆಟ್ಟವರಲ್ಲ. ಸಂಘದ ಒಂದು ಕಾಳು ಸಕ್ಕರೆಯನ್ನೂ ಅವರು ಮನೆಗೆ ಒಯ್ದವರಲ್ಲ. ಅದೇ ಅವರ ಧೈರ್ಯವಾಗಿತ್ತು. "ಅಂಗಡಿಯವನು ಮಾಡಿದ್ರೆ ಮೋಸ, ಅವನ ಜೇಬಿಗೆ ಹೋಗುತ್ತೆ. ಇಲ್ಲಿ ಯಾರ ಜೇಬಿಗೆ ಹೋಗುತ್ತೆ ಹೇಳು? ಎಲ್ಲಾ ಸದಸ್ಯರಿಗೇ. ಸದಸ್ಯರಿಗೋಸ್ಕರ ಸದಸ್ಯರ ಕಣ್ಣಿಗೆ ಸ್ವಲ್ಪ... ಈಗ ಅವರು ಮಾಡ್ತಾ ಇದಾರೆ, ನಾವು ಮಾಡದೆ ಕೂತರೆ ಡಿಪೋ ಮುಚ್ಚುತ್ತೆ. ಮುಚ್ಚಿದ ಡಿಪೋಲಿ ನಿನ್ನ ಹನ್ನೊಂದು ಕಲ್ಲನ್ನ ಯಾರಿಗೆ ತೋರಿಸ್ತೀಯ?" ಬಾಗಿಲ ಹತ್ತಿರ ಹೋಗಿ ತಿರುಗಿದರು. "ಜಗಲಿ ತೊಳೆದು ಚೊಕ್ಕವಾಗಿಡು. ಮೊರ ಪೊರಕೆ ಒಂದೂ ಮುಂದೆ ಕಾಣಬಾರದು. ಕರಟ ತುಂಬಿರಲಿ. ಕೌಂಟರು ನಿಂದೇ ಅಂತ ತಿಳ್ಕೋ."

ಮುನಿತಾಯಮ್ಮ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದಳು.

ಕೃಷ್ಣಪ್ಪ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಕೌಂಟರಿನ ಸುದ್ದಿ ಅವನಿಗೆ ಹಿಡಿಸಿತ್ತು. "ಕೌಂಟರ್ ಅಂದ್ರೆ ಮರ್ಯಾದೆ. ಬೀದೀಲಿ ಮೊರ ಹಿಡ್ಕೊಂಡು ಕೂರೋ ಹಾಗಲ್ಲ. ನಾಲ್ಕು ಜನ ನಮ್ಮೋರು ನೋಡಿದ್ರೂ ತಲೆ ಎತ್ಕೊಂಡು ಹೇಳಬಹುದು" ಎಂದ. ಕಲ್ಲಿನ ವಿಷಯ ಕೇಳಿ, "ಅದಕ್ಕೇನು, ಹಾಕು. ಹೇಳಿದ್ದು ಮಾಡಿದ್ರಾಯ್ತು" ಎಂದು ಇನ್ನೊಂದು ಬೀಡಿ ಹಚ್ಚಿದ.

ಅವಳು ಒಳಗೆ ಹೋಗಿ ಒಲೆ ಹೊತ್ತಿಸಿ, ಅವರೆಕಾಯಿ ಬಿಡಿಸಲು ಅತ್ತೆಯ ಪಕ್ಕ ಕೂತಳು. ಬೋರಮ್ಮನಿಗೆ ಎಪ್ಪತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಅಷ್ಟೇ ತಿಳಿಯುತ್ತಿತ್ತು. ಬೆರಳು ಮಾತ್ರ ಇನ್ನೂ ಕಾಯಿಯೊಳಗಿನ ಹುಳ ಹುಡುಕಿ ತೆಗೆಯುತ್ತಿತ್ತು. ಸೊಸೆಯ ಸೆರಗಿನ ಗಂಟು ಕೈಗೆ ತಾಗಿ, ಬಿಚ್ಚಿ, ಒಂದು ಕಲ್ಲನ್ನು ಹೆಬ್ಬೆರಳಿಂದ ಉಜ್ಜಿದಳು.

"ಇದು ಅಕ್ಕಿ ಕಲ್ಲಲ್ಲ. ರಸ್ತೆದು. ಯಾರ ಕರಟಕ್ಕೆ?"

ಮುನಿತಾಯಮ್ಮ ಎಲ್ಲ ಹೇಳಿದಳು. ಬೋರಮ್ಮ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ನೀನೂ ಹಿಂಗೇ ಹಾಕ್ತಿದ್ದೆ, ಬಂದ ಹೊಸದ್ರಲ್ಲಿ. ಹುಣಸೆ ಮರದ ಬುಡದ ಕಲ್ಲು. ಕೆಮ್ಮಣ್ಣು ಅಂಟ್ಕೊಂಡಿರೋದು."

"ಅಯ್ಯೋ ಅತ್ತೆ! ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಏನು. ಆ ಮರದ ಬುಡದಲ್ಲಿ ನಾನೂ ಹೆಕ್ಕಿದೋಳೇ. ತೊಳೆದು ಹಾಕ್ತಿದ್ದೆ ನಾನು. ನಿಂಗೆ ಅಷ್ಟೂ ಬುದ್ಧಿ ಇರಲಿಲ್ಲ."

"ಮತ್ತೆ ಗೊತ್ತಿದ್ದೂ ಯಾಕೆ ದಿನಾ ಕರಟ ತಾ ತಾ ಅಂತಿದ್ರಿ?"

ಬೋರಮ್ಮ ಇನ್ನೊಂದು ಕಾಯಿ ಬಿಡಿಸಿದಳು. "ನಮ್ಮತ್ತೆ ಕೇಳ್ತಿದ್ಲು, ನಾನೂ ಕೇಳ್ದೆ. ಅವಳು ಜಗಲಿ ಮೇಲೆ, ನಾನು ಹಿತ್ತಲಲ್ಲಿ. ಹಿತ್ತಲಿಗೆ ನಾಲ್ಕು ಹೆಜ್ಜೆ ಬಂದಿದ್ರೆ ನಾನು ಮಾಡೋದು ಅವಳ ಕಣ್ಣಿಗೇ ಕಾಣ್ತಿತ್ತು. ಬರಲಿಲ್ಲ. ನಾನೂ ನಿನ್ನ ಹತ್ರ ಬರಲಿಲ್ಲ. ಎದ್ದು ಬರೋಕೆ ಆಗದೆ ಇರೋರಿಗೆ ಕರಟ ಬೇಕು ಕಣೇ." ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದಳು. "ಹಾಕ್ಬಿಡು ಹೋಗು. ಅವರಿಗೆ ಬೇಕಾಗಿರೋದು ಅಷ್ಟೇ. ತಕ್ಕಡಿ ಹತ್ರ ನಿಂತ್ರೆ ನಿನ್ನ ಕಣ್ಣಾದ್ರೂ ಉಳ್ಕೊಳುತ್ತೆ. ನನ್ನ ನೋಡು."

ಮುನಿತಾಯಮ್ಮ ನೋಡಿದಳು. ಎದ್ದು ಸಾರಿಗೆ ಉಪ್ಪು ಹಾಕಿದಳು.

ಶನಿವಾರ ಅವಳು ದಿನಕ್ಕಿಂತ ಒಂದು ಗಂಟೆ ಮೊದಲು ಎದ್ದಳು. ಬೂದಿ, ಸಗಣಿ, ನೀರು, ಹಾಲು, ಎಣ್ಣೆ, ಮುದ್ದೆ, ಬುತ್ತಿ, ಯಾವುದೂ ಕಡಿಮೆಯಾಗಲಿಲ್ಲ, ಎಲ್ಲ ಒಂದು ಗಂಟೆ ಮುಂಚೆ ಆದವು ಅಷ್ಟೆ. ಡಿಪೋ ತಲುಪಿದಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ಜಗಲಿಯ ಎದುರಿನ ಕಂಬದಲ್ಲಿ ದೀಪ ಉರಿಯುತ್ತಿತ್ತು.

ಮೊದಲು ಜಗಲಿ ತೊಳೆದಳು. ನಂಜುಂಡಪ್ಪ ಹೇಳಿದಂತೆ ಚೊಕ್ಕವಾಗಿ. ನೀರು ಆರುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇಲ್ಲೊಂದು ದಾರಿ ಕೌಂಟರಿಗೆ ಹೋಗುತ್ತದೆ, ಅದಕ್ಕೆ ಒಂದು ಹಿಡಿ ಜಲ್ಲಿ ಸಾಕು. ಇನ್ನೊಂದು, ತಿರುವಿನ ಡಿಪೋದ ಕರಟವನ್ನು ಹತ್ತು ಜನರ ಮುಂದೆ ಕವುಚುವುದು. ಅದೂ ಕೌಂಟರಿಗೇ ಹೋಗುತ್ತದೆ, ಅಂಜಮ್ಮನ ಮೇಲೆ ಕಾಲಿಟ್ಟು. ಮೂರನೆಯದು, ಹನ್ನೊಂದು ಕಲ್ಲಿನ ಬಡ ಕರಟವನ್ನು ಹಾಗೇ ಬಿಟ್ಟು ಹಿಂದೆ ಶೆಡ್ಡಿನಲ್ಲಿ ಕೂತು ಒಳ್ಳೆಯವಳಾಗಿರುವುದು. ಒಳ್ಳೆಯವಳೆಂದು ಯಾರಿಗೂ ಗೊತ್ತಾಗದ ಹಾಗೆ.

ಅವಳು ಸೆರಗಿನ ಗಂಟು ಬಿಚ್ಚಿದಳು. ಜಗಲಿಯ ಮೆಟ್ಟಿಲ ಬುಡದಲ್ಲಿ ನೀರು ನಿಂತು ಒಂದು ಹಳ್ಳವಾಗಿತ್ತು, ದಿನಾ ಯಾರಾದರೊಬ್ಬರು ಅದರಲ್ಲಿ ಕಾಲಿಡುತ್ತಿದ್ದರು. ಪೊಟ್ಟಣದ ಜಲ್ಲಿಯನ್ನೆಲ್ಲ ಅದಕ್ಕೆ ಸುರಿದು ಹಿಮ್ಮಡಿಯಿಂದ ತುಳಿದು ಗಟ್ಟಿಮಾಡಿದಳು. ಜಲ್ಲಿ ಇರುವುದು ಅದಕ್ಕೇ.

ಆಮೇಲೆ ಹಿಂದಕ್ಕೆ ಹೋಗಿ ಶೆಡ್ಡಿನ ಬೀಗ ತೆಗೆದಳು. ನಿನ್ನೆ ಬಂದ, ಇನ್ನೂ ಮೊರ ಕಾಣದ ಮೂಟೆಯೊಂದರ ಹೊಲಿಗೆ ಬಿಚ್ಚಿದಳು. ಮೂಟೆಯನ್ನು ಒಬ್ಬಳೇ ಎಳೆಯುವಂತಿರಲಿಲ್ಲ. ಕುಕ್ಕೆಯಲ್ಲಿ ತುಂಬಿ ತುಂಬಿ, ಗೋಡೆಯ ಪಕ್ಕದ ಓಣಿಯಲ್ಲಿ ಏಳು ಸಲ ಓಡಾಡಿ, ಅಕ್ಕಿಯನ್ನು ಮುಂದಕ್ಕೆ ಸಾಗಿಸಿದಳು. ತೊಳೆದ ಜಗಲಿಯ ನಟ್ಟನಡುವೆ ಚಾಪೆ ಹಾಸಿದಳು. ಎಡಕ್ಕೆ ಹಸನಾಗದ ರಾಶಿ, ಬಲಕ್ಕೆ ಖಾಲಿ ಗೋಣಿ. ಜರಡಿ ತಂದಳು. ತನ್ನದಲ್ಲದೆ ಇನ್ನೂ ಎರಡು ಮೊರ ತಂದು ಪಕ್ಕದಲ್ಲಿಟ್ಟಳು, ಬಂದವರು ಯಾರಾದರೂ ತಮ್ಮ ಕೈಯಿಂದಲೇ ಒಂದು ಹಿಡಿ ಹರಡಿ ನೋಡಲಿ ಎಂದು. ಕರಟ ಶೆಡ್ಡಿನ ಗೂಡಿನಲ್ಲೇ ಉಳಿಯಿತು.

ಎಂಟಕ್ಕೆ ಕಮಿಟಿಯವರು ಬರುತ್ತಾರೆ. ಅದಕ್ಕೆ ಮೊದಲು ಲಕ್ಷ್ಮಿದೇವಮ್ಮ ಹಾಲಿಗೆಂದು ಈ ದಾರಿಯಲ್ಲಿ ಬರುತ್ತಾರೆ, ಅವರ ಹಿಂದೆ ಬೀದಿಯ ಹೆಂಗಸರು. ಏಳಕ್ಕೆ ಬುತ್ತಿ ಹಿಡಿದುಕೊಂಡು ಕೃಷ್ಣಪ್ಪ ಕಾರ್ಖಾನೆಗೆ ಇದೇ ರಸ್ತೆಯಲ್ಲಿ ಹಾದುಹೋಗಬೇಕು, ಅವನ ನಾಲ್ಕು ಜನ ಜೊತೆಯವರೊಂದಿಗೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಸೀರೆಯ ನೆರಿಗೆ ಮಂಡಿಯ ಕೆಳಗೆ ಸಿಕ್ಕಿಸಿ, ರಸ್ತೆಗೆ ಮುಖಮಾಡಿ ಕೂತಳು.

ಕಂಬದ ದೀಪದ ಬೆಳಕು ನೇರ ಮೊರಕ್ಕೆ ಬೀಳುತ್ತಿತ್ತು. ಶೆಡ್ಡಿನಲ್ಲಿ ಯಾವತ್ತೂ ಇಷ್ಟು ಬೆಳಕಿರಲಿಲ್ಲ. ಮೂರು ಸಲ ಕೇರಿ, ಓರೆಮಾಡಿ ತಟ್ಟಿದಳು. ಬಿಳಿಯ ಸಣ್ಣ ಕಲ್ಲೊಂದು ಅಕ್ಕಿಯಿಂದ ಬೇರೆಯಾಗಿ ಮೂಲೆಗೆ ಬಂತು. ಅದನ್ನು ಎತ್ತಿ ಎಲ್ಲೂ ಕೂಡಿಡದೆ ರಸ್ತೆಗೆ ಎಸೆದು, ಮೊರವನ್ನು ಮತ್ತೆ ಎತ್ತಿದಳು.